ನೊಣಕ್ಕೆ ಬೇಲಿಯ ಹಂಗಿಲ್ಲ

ಮರದಡಿ ಉದುರಿದ ಮಾವಿನ ಹಣ್ಣೊಂದನ್ನು ಸೀಳಿ ನೋಡಿ. ಸಿಪ್ಪೆಯ ಮೇಲೆ ಸೂಜಿ ಚುಚ್ಚಿದಷ್ಟೇ ಗುರುತು. ಒಳಗೆ ತಿರುಳು ಕೊಳೆತು, ಬಿಳಿ ಹುಳುಗಳು ಮಿಸುಕಾಡುತ್ತಿರುತ್ತವೆ. ಶ್ರೀನಿವಾಸಪುರದ ಬೆಳೆಗಾರರಿಗೆ ಈ ಹಣ್ಣು ನೊಣ ಹಳೆಯ ಶತ್ರು. ಆಫ್ರಿಕಾದಲ್ಲಿ ಇದು ಮೊದಲು ಪತ್ತೆಯಾದದ್ದು 2003ರಲ್ಲಿ, ಕೀನ್ಯಾದಲ್ಲಿ. ಇದರ ಕಾಟಕ್ಕೆ 2014ರಲ್ಲಿ ಯುರೋಪಿಗೆ ಮಾವು ಕಳಿಸುವುದನ್ನೇ ಆ ದೇಶ ತಾನಾಗಿ ನಿಲ್ಲಿಸಬೇಕಾಯಿತು.

ಹಣ್ಣು ನೊಣದ ಹತೋಟಿಯನ್ನು ರೈತರಿಗೆ ಕಲಿಸುವುದು ನನ್ನ ವೃತ್ತಿ. ಆಫ್ರಿಕಾದ ಸಣ್ಣ ರೈತರಿಗೆ ಸ್ಥಳೀಯ ಸರ್ಕಾರ ಏನು ಮಾಡಬಲ್ಲದು ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಈ ನೊಣವೇ. ಒಬ್ಬ ರೈತ ಎಷ್ಟೇ ಶ್ರದ್ಧೆಯಿಂದ ತನ್ನ ತೋಟದಲ್ಲಿ ನೊಣವನ್ನು ಸೆಳೆದು ಹಿಡಿಯುವ ಮೋಹಕ ಬಲೆ ಕಟ್ಟಲಿ, ಪಕ್ಕದ ತೋಟದಲ್ಲಿ ಉದುರಿದ ಹಣ್ಣು ಹಾಗೇ ಬಿದ್ದಿದ್ದರೆ ಅವನ ಶ್ರಮವೆಲ್ಲ ವ್ಯರ್ಥ. ಹಣ್ಣಿನಿಂದ ಹೊರಬಿದ್ದ ಹುಳು ಮಣ್ಣಿಗಿಳಿದು ಕೋಶವಾಗುತ್ತದೆ, ನೊಣವಾಗಿ ಮೇಲೆದ್ದು ಬೇಲಿ ದಾಟುತ್ತದೆ. ಉದುರಿದ ಹಣ್ಣನ್ನು ಆರಿಸಿ, ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಬಿಸಿಲಿಗಿಟ್ಟರೆ ಹುಳು ಬೆಂದು ಸಾಯುತ್ತದೆ. ಇಷ್ಟು ಸರಳ ಕೆಲಸ. ಆದರೆ ಇಡೀ ಊರು ಒಟ್ಟಿಗೆ ಮಾಡಬೇಕು. ಊರನ್ನು ಒಟ್ಟುಗೂಡಿಸುವ ಶಕ್ತಿ ಬಿಡಿ ರೈತನಿಗಿಲ್ಲ. ರಾಜಧಾನಿ ನೈರೋಬಿಯಿಂದಲೂ ಆಗುವ ಮಾತಲ್ಲ.

ಕೀನ್ಯಾದ 2010ರ ಸಂವಿಧಾನ ಕೃಷಿಯ ಬಹುಪಾಲು ಹೊಣೆಯನ್ನು ನಮ್ಮ ಜಿಲ್ಲೆಗಳಂಥ 47 ಕೌಂಟಿಗಳಿಗೆ ಒಪ್ಪಿಸಿತು. 2013ರಲ್ಲಿ ಚುನಾಯಿತ ಕೌಂಟಿ ಸರ್ಕಾರಗಳು ಬಂದವು. ಮಳೆ ಕಡಿಮೆಯಿರುವ ಮಕ್ವೇನಿ ಕೌಂಟಿಯಲ್ಲಿ ಮಾವು ಸಣ್ಣ ರೈತರ ದೊಡ್ಡ ಆಸರೆ. ಅಲ್ಲಿನ ಸರ್ಕಾರ ಕಲಂಬಾದಲ್ಲಿ ಮಾವಿನ ತಿರುಳು ತೆಗೆಯುವ ಕಾರ್ಖಾನೆಯನ್ನೇ ಕಟ್ಟಿತು. ಯೋಜನೆಗಳ ಚರ್ಚೆಯನ್ನು ಹಳ್ಳಿಯ ಸಭೆಗಳಿಂದ ಆರಂಭಿಸುವ ಪದ್ಧತಿಗೂ ಮಕ್ವೇನಿ ಹೆಸರಾಗಿದೆ. ನೊಣದ ಹತೋಟಿಯಲ್ಲಿ ಪಳಗಿದ ಪ್ರದೇಶಗಳ ಬಲದಿಂದ ಕೀನ್ಯಾ 2021ರಲ್ಲಿ ಯುರೋಪಿಗೆ ಮತ್ತೆ ಮಾವು ಕಳಿಸತೊಡಗಿತು. ಮಕ್ವೇನಿಯೂ ಅವುಗಳಲ್ಲಿ ಒಂದು.

ಕಾರ್ಖಾನೆ ಬೇಡವೆಂದಲ್ಲ, ದಲ್ಲಾಳಿಯ ಮುಂದೆ ರೈತನಿಗೆ ಅದು ಮಾತಿನ ಬಲ ಕೊಡುತ್ತದೆ. ಆದರೆ ಹುಳು ಬಿದ್ದ ಹಣ್ಣು ತಿರುಳಿಗೂ ಬಾರದು. ಅದಕ್ಕಾಗಿಯೇ ನಾನು ರೈತರಿಗೆ ಬೇಸಾಯದ ಸಲಹೆ ಕೊಡುವ ಸರ್ಕಾರಿ ನೌಕರ, ಅಂದರೆ ವಿಸ್ತರಣಾ ಅಧಿಕಾರಿಯನ್ನು ಮುಂದೆ ನಿಲ್ಲಿಸುತ್ತೇನೆ. ತೋಟ ತೋಟಕ್ಕೆ ಹೋಗಿ, ಹಣ್ಣು ಕೊಯ್ದು ತೋರಿಸಿ, ಇಂಥ ದಿನ ಎಲ್ಲರೂ ಬಲೆ ಕಟ್ಟೋಣ ಎಂದು ಒಪ್ಪಿಸುವವರು ಅವರು. ಒಬ್ಬೊಬ್ಬ ಅಧಿಕಾರಿಯ ಪಾಲಿಗೆ ಸಾವಿರಕ್ಕೂ ಹೆಚ್ಚು ಕುಟುಂಬಗಳಿರುವ ದೇಶ ಅದು.

ಇನ್ನೊಂದು ತೊಡಕು ಕಾಲದ್ದು. ಕೀನ್ಯಾದ ಹಣಕಾಸು ವರ್ಷ ಜುಲೈ 1ರಂದು ಆರಂಭವಾಗುತ್ತದೆ. ಕೇಂದ್ರ ಖಜಾನೆಯಿಂದ ಕೌಂಟಿಗಳ ಪಾಲು ತಡವಾಗಿ ಬರುವುದು ಅಲ್ಲಿ ಪದೇ ಪದೇ ಕೇಳಿಬರುವ ದೂರು. ಆಮೇಲೆ ಟೆಂಡರ್, ಖರೀದಿ, ಸಾಗಣೆ. ಬಲೆ ಕಟ್ಟಬೇಕಾದದ್ದು ಮಿಡಿ ಕಾಯಿ ಇರುವಾಗ; ಕೊಯ್ಲಿನ ಹೊತ್ತಿಗೆ ಬಂದ ಬಲೆ ಗೋದಾಮಿನಲ್ಲೇ ಉಳಿಯುತ್ತದೆ. ಅಕ್ಟೋಬರ್ ಮಳೆಗೆ ಬಿತ್ತಬೇಕಾದ ಬೀಜದ ಗತಿಯೂ ಇದೇ.

ಆದ್ದರಿಂದ ಯಾವುದೇ ಕೌಂಟಿಯ ಬಜೆಟ್ ಪುಸ್ತಕ ಕೈಗೆ ಸಿಕ್ಕರೂ ನಾನು ಕೃಷಿಯ ಒಟ್ಟು ಮೊತ್ತವನ್ನು ಆಮೇಲೆ ನೋಡುತ್ತೇನೆ. ಮೊದಲು ಹುಡುಕುವುದು ವಿಸ್ತರಣಾ ಅಧಿಕಾರಿಯ ಮೋಟಾರ್ ಸೈಕಲ್ಲಿನ ಪೆಟ್ರೋಲಿಗೆ ಎಷ್ಟು ಇಟ್ಟಿದ್ದಾರೆ, ಆ ಹಣ ಕಳೆದ ವರ್ಷ ಯಾವ ತಿಂಗಳಲ್ಲಿ ಬಿಡುಗಡೆಯಾಗಿತ್ತು ಎಂಬುದನ್ನು.