64 ಇದ್ದರೆ ಸಲೀಸು ಅಲ್ವಾ, 68 ತಂಡ ಯಾಕೆ?

ಪ್ರಶ್ನೆ: ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್‌ನ ಮಾರ್ಚ್ ಮ್ಯಾಡ್‌ನೆಸ್ ನೋಡಲು ಶುರು ಮಾಡಿದ್ದೇನೆ. ಸೋತವರು ಮನೆಗೆ, ಅಷ್ಟು ಅರ್ಥ ಆಯಿತು. 64 ತಂಡ ಇದ್ದರೆ 32, 16, 8 ಅಂತ ನೇರವಾಗಿ ಇಳಿಯುತ್ತದೆ. 68 ಯಾಕೆ?

ಉತ್ತರ: ನಿಮ್ಮ ಲೆಕ್ಕ ಸರಿಯಾಗಿದೆ. 1985ರಿಂದ 2000ದವರೆಗೆ ಈ ಟೂರ್ನಿಯಲ್ಲಿ, ಅಂದರೆ ಕಾಲೇಜು ಕ್ರೀಡೆ ನಡೆಸುವ ಎನ್‌ಸಿಎಎ ಸಂಸ್ಥೆಯ ಪುರುಷರ ಟೂರ್ನಿಯಲ್ಲಿ, 64 ತಂಡಗಳೇ ಇದ್ದವು. ನಾಲ್ಕು ವಿಭಾಗ, ಒಂದೊಂದರಲ್ಲಿ 16 ಸೀಡ್, ಅಂದರೆ ಬಲದ ಪ್ರಕಾರ 1ರಿಂದ 16ರ ತನಕ ಶ್ರೇಯಾಂಕ ಕೊಟ್ಟ ತಂಡಗಳು. ಆರು ಪಂದ್ಯ ಗೆದ್ದವರು ಚಾಂಪಿಯನ್.

ಈ ಅಚ್ಚುಕಟ್ಟು ಕೆಟ್ಟಿದ್ದು ಒಂದು ಕೂಡು ಕುಟುಂಬ ಒಡೆದು ಹಿಸ್ಸೆಯಾದಾಗ.

ಟೂರ್ನಿಗೆ ಬರಲು ಎರಡು ದಾರಿ. ಕಾಲೇಜುಗಳು ಕಾನ್ಫರೆನ್ಸ್ ಅಂತ ಗುಂಪು ಕಟ್ಟಿಕೊಂಡು ಆಡುತ್ತವೆ. ಒಂದೊಂದು ಕಾನ್ಫರೆನ್ಸಿನ ಚಾಂಪಿಯನ್‌ಗೆ ನೇರ ಪ್ರವೇಶ. ಮಿಕ್ಕ ಜಾಗಕ್ಕೆ ಆಯ್ಕೆ ಸಮಿತಿ ತಂಡಗಳನ್ನು ಆರಿಸುತ್ತದೆ. ಆಗ 30 ಚಾಂಪಿಯನ್, ಸಮಿತಿ ಆರಿಸಿದ್ದು 34. 1999ರಲ್ಲಿ ವೆಸ್ಟರ್ನ್ ಅಥ್ಲೆಟಿಕ್ ಕಾನ್ಫರೆನ್ಸಿನಿಂದ ಎಂಟು ಕಾಲೇಜುಗಳು ಹೊರಬಿದ್ದು ಮೌಂಟನ್ ವೆಸ್ಟ್ ಕಟ್ಟಿಕೊಂಡವು. 2001ಕ್ಕೆ ಅದರ ಚಾಂಪಿಯನ್‌ಗೂ ನೇರ ಪ್ರವೇಶ ಸಿಕ್ಕಿತು. ಈಗ ಚಾಂಪಿಯನ್‌ಗಳು 31. ಸಮಿತಿಯ 34ರಲ್ಲಿ ಒಂದನ್ನು ಬಿಟ್ಟುಕೊಟ್ಟಿದ್ದರೆ ಕತೆ ಮುಗಿಯುತ್ತಿತ್ತು. ಮಹಿಳೆಯರ ಟೂರ್ನಿಯಲ್ಲಿ ಹಾಗೇ ಮಾಡಿದರು, 2021ರವರೆಗೂ 64ರಲ್ಲೇ ಉಳಿದರು. ಪುರುಷರ ಕಡೆ ಬಿಡಲಿಲ್ಲ. ತಂಡ 65 ಆಯಿತು. ಕೊನೆಯ ಇಬ್ಬರಿಗೆ ಓಹಾಯೋದ ಡೇಟನ್‌ನಲ್ಲಿ ಒಂದು ಪಂದ್ಯ ಇಟ್ಟು, ಗೆದ್ದವರನ್ನು 64ರ ಪಟ್ಟಿಗೆ ಸೇರಿಸಿದರು.

2011ರಲ್ಲಿ ಅದು 68ಕ್ಕೆ ಏರಿತು. ಅದರ ಹಿಂದಿನ ವರ್ಷ ಸಿಬಿಎಸ್ ಮತ್ತು ಟರ್ನರ್ ಜತೆ 14 ವರ್ಷಕ್ಕೆ 1,080 ಕೋಟಿ ಡಾಲರ್‌ಗಳ ಟಿವಿ ಒಪ್ಪಂದ ಆಗಿತ್ತು. 96 ತಂಡ ಮಾಡುವ ಮಾತೂ ಎದ್ದಿತ್ತು. ಸದ್ಯ, ಅಲ್ಲಿಗೆ ಹೋಗಲಿಲ್ಲ.

ಹೀಗೆ ಬಂದ ನಾಲ್ಕು ಪಂದ್ಯಗಳಿಗೆ ಫಸ್ಟ್ ಫೋರ್ ಅಂತ ಹೆಸರು. ಎರಡರಲ್ಲಿ ಸಮಿತಿ ಕಡೆಯದಾಗಿ ಆರಿಸಿದ ನಾಲ್ಕು ತಂಡಗಳು ಆಡುತ್ತವೆ. ಇನ್ನೆರಡರಲ್ಲಿ ನೇರ ಪ್ರವೇಶ ಪಡೆದವರಲ್ಲೇ ಅತಿ ಕೆಳಗಿನ ನಾಲ್ಕು.

ನನಗೆ ಸರಿ ಕಾಣದ್ದು ಈ ಎರಡನೆಯದು. ದೊಡ್ಡ ಕಾನ್ಫರೆನ್ಸಿನಲ್ಲಿ ಹತ್ತು ಪಂದ್ಯ ಸೋತ ತಂಡ ನೇರವಾಗಿ 64ರೊಳಗೆ ಕೂರಬಹುದು. ತನ್ನ ಗುಂಪಿನಲ್ಲಿ ಎಲ್ಲರನ್ನೂ ಸೋಲಿಸಿ ಬಂದ ಪುಟ್ಟ ಕಾಲೇಜು ಮಾತ್ರ ಬಾಗಿಲಲ್ಲಿ ಇನ್ನೊಂದು ಪರೀಕ್ಷೆ ಬರೆಯಬೇಕು. ಬಾಗಿಲಲ್ಲಿ ನಿಲ್ಲಿಸುವುದಾದರೆ ಆ ಎಂಟೂ ತಂಡಗಳು ಸಮಿತಿ ಆರಿಸಿದವೇ ಆಗಿರಲಿ.

ಹಾಗಂತ ಆ ಪಂದ್ಯಗಳು ಸುಮ್ನೆ ಲೆಕ್ಕಕ್ಕೆ ಅಂದುಕೊಳ್ಳಬೇಡಿ. 2011ರ ಮೊದಲ ಫಸ್ಟ್ ಫೋರ್‌ನಿಂದಲೇ ವರ್ಜೀನಿಯಾ ಕಾಮನ್‌ವೆಲ್ತ್ ತಂಡ ಫೈನಲ್ ಫೋರ್, ಅಂದರೆ ಸೆಮಿಫೈನಲ್ ತನಕ ಹೋಯಿತು. ದಾರಿಯಲ್ಲಿ ಒಂದನೇ ಸೀಡ್ ಕ್ಯಾನ್ಸಸ್ ಅನ್ನು 71-61ರಿಂದ ಮಣಿಸಿತು. 2021ರಲ್ಲಿ ಯುಸಿಎಲ್‌ಎ ಕೂಡ ಅಷ್ಟೇ ದೂರ ಹೋಯಿತು.

ನನಗೆ ಇವೆರಡಕ್ಕಿಂತ ಜಾಸ್ತಿ ಇಷ್ಟ 2023ರ ಫೇರ್‌ಲೀ ಡಿಕಿನ್‌ಸನ್. ನ್ಯೂಜೆರ್ಸಿಯ ಕಾಲೇಜು. ಕಾನ್ಫರೆನ್ಸ್ ಫೈನಲ್‌ನಲ್ಲಿ ಮೆರಿಮ್ಯಾಕ್ ಎದುರು ಒಂದೇ ಒಂದು ಅಂಕದಿಂದ ಸೋತಿತ್ತು. ಆದರೆ ಮೆರಿಮ್ಯಾಕ್ ಕೆಳಗಿನ ಡಿವಿಷನ್‌ನಿಂದ ಹೊಸದಾಗಿ ಬಡ್ತಿ ಪಡೆದಿದ್ದರಿಂದ ಟೂರ್ನಿಗೆ ಅರ್ಹತೆ ಇರಲಿಲ್ಲ. ಜಾಗ ಇವರಿಗೆ ಬಂತು. ಕಾಲೇಜು ಬಾಸ್ಕೆಟ್‌ಬಾಲ್‌ನ ಅತಿ ಮೇಲಿನ ಹಂತವಾದ ಡಿವಿಷನ್-1ರಲ್ಲೇ ಅತಿ ಕುಳ್ಳ ತಂಡ ಇದು. ಬುಧವಾರ ಡೇಟನ್‌ನಲ್ಲಿ ಟೆಕ್ಸಸ್ ಸದರ್ನ್ ಅನ್ನು 84-61ರಿಂದ ಸೋಲಿಸಿದರು. ಶುಕ್ರವಾರ ಕೊಲಂಬಸ್‌ನಲ್ಲಿ 16ನೇ ಸೀಡ್ ಆದ ಇವರ ಎದುರಿಗೆ ಒಂದನೇ ಸೀಡ್ ಪರ್ಡ್ಯೂ, ಅದರ ನಡುವೆ 7 ಅಡಿ 4 ಇಂಚಿನ ಜ್ಯಾಕ್ ಈಡಿ. ಅಲ್ಲಿಯವರೆಗೆ ಒಂದನೇ ಸೀಡ್ ಮತ್ತು 16ನೇ ಸೀಡ್ ನಡುವೆ 151 ಪಂದ್ಯಗಳಾಗಿದ್ದವು. 16ನೇ ಸೀಡ್ ಗೆದ್ದಿದ್ದು ಒಂದು ಸಲ, 2018ರಲ್ಲಿ ವರ್ಜೀನಿಯಾ ವಿರುದ್ಧ ಯುಎಂಬಿಸಿ.

ಕುಳ್ಳರು ಈಡಿಯನ್ನು ಹಿಂದೆ ಒಬ್ಬ, ಮುಂದೆ ಒಬ್ಬ ನಿಂತು ಕಟ್ಟಿಹಾಕಿದರು. ಅವನ ಕೈಗೆ ಚೆಂಡು ಸೇರುವುದೇ ಕಷ್ಟವಾಯಿತು. ಕೊಲಂಬಸ್ ಕಡೆಯವನೇ ಆದ ಶಾನ್ ಮೂರ್ ತನ್ನೂರಿನ ಜನರ ಮುಂದೆ 19 ಅಂಕ ಗಳಿಸಿದ. ಕೊನೆ ನಿಮಿಷಗಳಲ್ಲಿ ಅವನು ದೂರದಿಂದ ಎಸೆದ ಮೂರು ಅಂಕದ ಚೆಂಡು ಒಳಗೆ ಬಿದ್ದಾಗ ಕುಳ್ಳರ ಮುನ್ನಡೆ ಐದಾಯಿತು. ಮುಗಿದಾಗ ಬೋರ್ಡಿನ ಮೇಲೆ 63-58.