ಮಲೆನಾಡಿನ ಬೆರಳು, ಕಚೇರಿಯ ಬಾಗಿಲು

ಜುಲೈ ತಿಂಗಳು. ತೀರ್ಥಹಳ್ಳಿಯಲ್ಲೋ ಹೊಸನಗರದಲ್ಲೋ ಒಂದು ಸರ್ಕಾರಿ ಕಚೇರಿಯ ಬಾಗಿಲಿಗೆ ಬೆರಳ ಗುರುತು ನೋಡಿ ಒಳಬಿಡುವ ಯಂತ್ರ ಹಾಕಿದ್ದಾರೆ ಅಂದುಕೊಳ್ಳಿ. ಅಂಗಳ ತೊಳೆದು ಬಂದ ಹೆಂಗಸು ಹೆಬ್ಬೆರಳು ಒತ್ತುತ್ತಾರೆ. ಕೆಂಪು ದೀಪ. ಸೆರಗಿಗೆ ಒರೆಸಿಕೊಂಡು ಮತ್ತೆ ಒತ್ತುತ್ತಾರೆ. ಮತ್ತೂ ಕೆಂಪು.

ಬೆರಳ ತುದಿಯ ಗೆರೆಗಳು ತಾಯಿಯ ಹೊಟ್ಟೆಯಲ್ಲೇ ಮೂಡಿರುತ್ತವೆ. ಯಂತ್ರಕ್ಕೆ ಇಡೀ ಚಿತ್ರ ಬೇಕಿಲ್ಲ. ಗೆರೆ ಎಲ್ಲಿ ಮುಗಿಯಿತು, ಎಲ್ಲಿ ಕವಲಾಯಿತು ಅನ್ನುವ ಗುರುತುಗಳೇ ಅದಕ್ಕೆ ಮುಖ್ಯ. ಗಾಜಿನ ಮೇಲೆ ಬೆರಳು ಒತ್ತುವ ಯಂತ್ರಗಳಲ್ಲಿ ಬೆಳಕು ಕೆಳಗಿಂದ ಓರೆಯಾಗಿ ಬೀಳುತ್ತದೆ. ಗೆರೆಗಳ ನಡುವಿನ ತಗ್ಗಿನಲ್ಲಿ ಗಾಳಿ ಇರುವುದರಿಂದ ಅಲ್ಲಿ ಬೆಳಕು ಪೂರ್ತಿ ಹಿಂದಿರುಗುತ್ತದೆ, ಬಿಳಿಯಾಗಿ ಕಾಣುತ್ತದೆ. ಉಬ್ಬಿದ ಗೆರೆ ಗಾಜನ್ನು ಮುಟ್ಟಿದ ಕಡೆ ಹಾಗೆ ಹಿಂದಿರುಗುವುದಿಲ್ಲ, ಅಲ್ಲಿ ಕಪ್ಪು. ತಗ್ಗಿನಲ್ಲಿ ನೀರು ತುಂಬಿದರೆ ಅದೂ ಕಪ್ಪೇ. ಗೆರೆ ಯಾವುದು, ತಗ್ಗು ಯಾವುದು ಗೊತ್ತಾಗುವುದಿಲ್ಲ.

ಒರೆಸಿಕೊಂಡರೂ ಸಾಲದು. ನೀರಲ್ಲಿ ನೆನೆದ ಬೆರಳು ಸುಕ್ಕಾಗುತ್ತದೆ ಅಲ್ವಾ? ಚರ್ಮ ಸುಮ್ನೆ ನೀರು ಹೀರಿ ಉಬ್ಬಿದ್ದಲ್ಲ ಅದು. ನರಗಳು ಬೆರಳ ತುದಿಯ ರಕ್ತನಾಳಗಳನ್ನು ಕುಗ್ಗಿಸುತ್ತವೆ, ಒಳಗಿನ ಗಾತ್ರ ಇಳಿದು ಮೇಲಿನ ಚರ್ಮ ಮಡಿಕೆ ಬೀಳುತ್ತದೆ. ನರಕ್ಕೆ ಪೆಟ್ಟು ಬಿದ್ದ ಬೆರಳು ಸುಕ್ಕಾಗುವುದಿಲ್ಲ ಎಂಬುದನ್ನು ವೈದ್ಯರು 1930ರ ದಶಕದಲ್ಲೇ ಗಮನಿಸಿದ್ದರು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಇಂಥ ಸೀಮೆಯಲ್ಲಿ ಇದು ಅಪರೂಪದ ತೊಂದರೆ ಅಲ್ಲ.

ಮಳೆ ಕಳೆದು ಅಡಿಕೆ ಕೊಯ್ಲು ಬಂದರೆ ಇನ್ನೊಂದು ಕಷ್ಟ. ರಾತ್ರಿ ಅಡಿಕೆ ಸುಲಿಯಲು ಹೋಗುವವರ ಬೆರಳಿನ ಗೆರೆ ಸವೆಯುತ್ತದೆ, ಕರೆ ಹಿಡಿಯುತ್ತದೆ.

ಯಂತ್ರವನ್ನೇ ಸ್ವಲ್ಪ ಸಡಿಲ ಮಾಡಬಾರದೇ? ಮಾಡಬಹುದು. ಆದರೆ ಎಷ್ಟು ಹೊಂದಿಕೆಯಾದರೆ ಬಾಗಿಲು ತೆರೆಯಬೇಕು ಅನ್ನುವ ಮಿತಿ ಇಳಿಸಿದಷ್ಟೂ ಪರರು ನುಗ್ಗುವ ಸಾಧ್ಯತೆ ಏರುತ್ತದೆ. ಮಿತಿ ಏರಿಸಿದರೆ ನಮ್ಮವರೇ ಹೊರಗೆ. ದಿನವೂ ದುಡಿಯುವ ಕಟ್ಟಡದ ಬಾಗಿಲಲ್ಲಿ ಒಬ್ಬರನ್ನು ಕಳ್ಳರ ಹಾಗೆ ನಿಲ್ಲಿಸುವುದು ನನಗೆ ಸಣ್ಣ ವಿಷಯ ಅನಿಸುವುದಿಲ್ಲ.

ಹೊರಬಾಗಿಲಿಗೆ ಕಾರ್ಡೇ ಸಾಕು. ಮುಟ್ಟಿಸುವ ಕಾರ್ಡಿನಲ್ಲಿ ಬ್ಯಾಟರಿ ಇರುವುದಿಲ್ಲ. ಒಂದು ತಂತಿ ಸುರುಳಿ, ಒಂದು ಚಿಪ್ ಅಷ್ಟೇ. ಬಾಗಿಲ ಬಳಿಯ ಪೆಟ್ಟಿಗೆಯ ಕಾಂತಕ್ಷೇತ್ರದಿಂದಲೇ ಅದಕ್ಕೆ ವಿದ್ಯುತ್ ಸಿಗುತ್ತದೆ. ಒದ್ದೆ ಕೈಯಲ್ಲೂ ನಡೆಯುತ್ತದೆ. ಕಾರ್ಡನ್ನು ಬೇರೆಯವರ ಕೈಗೆ ಕೊಡಬಹುದು ನಿಜ, ಅದಕ್ಕೇ ಮುಖ ಪರಿಚಯ ಇರುವ ಕಾವಲುಗಾರರೂ ಬೇಕು. ಬೆರಳ ಗುರುತಿನ ಯಂತ್ರ ರೆಕಾರ್ಡ್ ರೂಮಿನಂಥ ಕಡೆಗೆ ಇರಲಿ. ಅಲ್ಲೂ ಹೆಬ್ಬೆರಳಿನ ಜೊತೆ ಉಂಗುರ ಬೆರಳನ್ನೂ ದಾಖಲಿಸಿಕೊಳ್ಳಬೇಕು, ಒಂದು ಸವೆದರೆ ಇನ್ನೊಂದು ಇರುತ್ತದೆ.