ಪದ ಪರಿಚಯ: ಫ್ಯಾಕ್ಟರಿ ರೀಸೆಟ್

ಹೋದ ತಿಂಗಳು ಚಿಕ್ಕಮ್ಮನ ಫೋನ್ ಇದ್ದಕ್ಕಿದ್ದಂತೆ ಕೈಕೊಟ್ಟಿತು. ಯಾರಿಗೋ ಕಾಲ್ ಮಾಡೋಣ ಅಂತ ಹೋದರೆ ನಡುವೆ ಸಾಲದ ಜಾಹೀರಾತು ಬಂದು ಸ್ಕ್ರೀನ್ ತುಂಬಾ ಕೂರುತ್ತಿತ್ತು. ಲಾಕ್ ಮಾಡಿ ಇಟ್ಟಿದ್ದರೂ ಯಾವುದೋ ಆಟದ ವಿಡಿಯೊ ತಾನಾಗಿ ಓಡುತ್ತಿತ್ತು. ಫೋನ್ ಬಿಸಿ ಬೇರೆ. ಬಸ್ ಸ್ಟ್ಯಾಂಡ್ ಪಕ್ಕದ ಮೊಬೈಲ್ ಅಂಗಡಿಗೆ ತೋರಿಸಿದರೆ, ಅಲ್ಲಿನ ಹುಡುಗ ಎರಡು ಸಲ ಒತ್ತಿ ನೋಡಿ, “ಸಾಫ್ಟ್‌ವೇರ್ ಹೊಡೀಬೇಕು ಆಂಟಿ. ಎಲ್ಲಾ ಹೋಗತ್ತೆ, ಪರವಾಗಿಲ್ವಾ?” ಅಂದನಂತೆ. ಆ ‘ಎಲ್ಲಾ’ ಅನ್ನೋ ಮಾತಿಗೆ ಹೆದರಿ ಚಿಕ್ಕಮ್ಮ ಫೋನನ್ನು ಬ್ಯಾಗಿಗೆ ಹಾಕಿಕೊಂಡು ವಾಪಸ್ ಬಂದರು. ಹೆದರಿದ್ದೇ ಒಳ್ಳೆಯದಾಯಿತು.

ಅಂಗಡಿಯಲ್ಲಿ ‘ಫಾರ್ಮ್ಯಾಟ್ ಮಾಡೋದು’, ‘ಸಾಫ್ಟ್‌ವೇರ್ ಹೊಡೆಯೋದು’, ‘ಹಾರ್ಡ್ ರೀಸೆಟ್’ ಅಂತ ಏನೇ ಕರೆದರೂ ಬಹಳ ಸಲ ಆಗುವುದು ಒಂದೇ ಕೆಲಸ, ಫ್ಯಾಕ್ಟರಿ ರೀಸೆಟ್. ಫೋನ್ ಕಾರ್ಖಾನೆಯಿಂದ ಬಂದಾಗ ಹೇಗಿತ್ತೋ ಹಾಗೆ ಮಾಡುವುದು ಎಂದು ಈ ಪದದ ಅರ್ಥ. ಆದರೆ ಈ ಹೆಸರನ್ನು ನಂಬಿದವರಿಗೆ ಎರಡು ಕಡೆ ಪೆಟ್ಟು ಬೀಳುತ್ತದೆ. ಹೋಗಬಾರದ್ದು ಹೋಗುತ್ತದೆ. ಸರಿಯಾಗುತ್ತೆ ಅಂದುಕೊಂಡದ್ದು ಸರಿಯಾಗುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಇದರ ಜೊತೆಗೇ ‘ಎಲ್ಲಾ ಡೇಟಾ ಅಳಿಸಿ’ ಎಂಬ ಅರ್ಥದ ಮಾತೂ ಇರುತ್ತದೆ. ನನ್ನ ಪ್ರಕಾರ ಅದೇ ಇದರ ನಿಜವಾದ ಹೆಸರು.

ಬಾಡಿಗೆ ಮನೆ ಖಾಲಿ ಮಾಡುವುದನ್ನು ನೆನಪಿಸಿಕೊಳ್ಳಿ. ಪಾತ್ರೆ, ಬೀರು, ಗೋಡೆಯ ಮೇಲಿನ ಕ್ಯಾಲೆಂಡರ್, ದೇವರ ಪಟ ಎಲ್ಲವೂ ಹೊರಗೆ. ಆದರೆ ಗೋಡೆ, ವೈರಿಂಗು, ನಲ್ಲಿ ಹಾಗೇ ಇರುತ್ತವೆ. ಸೋರುವ ನಲ್ಲಿ ಮನೆ ಖಾಲಿಯಾದ ಮೇಲೂ ಸೋರುತ್ತಲೇ ಇರುತ್ತದೆ, ಅಲ್ವಾ? ಫೋನಿನ ಮೆಮೊರಿಯೂ ಹೀಗೆಯೇ ಬೇರೆ ಬೇರೆ ಭಾಗಗಳಾಗಿರುತ್ತದೆ. ಇವನ್ನು ಪಾರ್ಟಿಷನ್ ಅನ್ನುತ್ತಾರೆ. ಆಂಡ್ರಾಯ್ಡ್ ಎಂಬ ವ್ಯವಸ್ಥೆ ಕೂತಿರುವ ಭಾಗ ಒಂದು. ನಾವು ಹಾಕಿಕೊಂಡ ಆ್ಯಪ್, ತೆಗೆದ ಫೋಟೊ, ಬಂದ ಮೆಸೇಜು, ಬದಲಿಸಿಕೊಂಡ ಸೆಟ್ಟಿಂಗು ಇರುವ ಭಾಗ ಇನ್ನೊಂದು. ಅದಕ್ಕೆ ಯೂಸರ್‌ಡೇಟಾ ಎಂದು ಹೆಸರು. ರೀಸೆಟ್ ಖಾಲಿ ಮಾಡುವುದು ಈ ಯೂಸರ್‌ಡೇಟಾವನ್ನು. ವ್ಯವಸ್ಥೆಯ ಭಾಗವನ್ನು ಅದು ಮುಟ್ಟುವುದಿಲ್ಲ.

ಹಾಗಾಗಿ ಆಂಡ್ರಾಯ್ಡ್ 11 ಇದ್ದ ಫೋನ್ ತಂದು, ಆಮೇಲೆ 13ಕ್ಕೆ ಅಪ್‌ಡೇಟ್ ಮಾಡಿದ್ದರೆ, ರೀಸೆಟ್ ಆದ ಮೇಲೂ ಅದು 13ರಲ್ಲೇ ಇರುತ್ತದೆ. “ಹೊಸ ಅಪ್‌ಡೇಟ್ ಬಂದ ಮೇಲೆ ಕ್ಯಾಮೆರಾ ಹಾಳಾಯ್ತು, ರೀಸೆಟ್ ಮಾಡಿದ್ರೆ ಹಳೇದಕ್ಕೆ ಹೋಗತ್ತೆ” ಎಂದು ಎಷ್ಟೋ ಜನ ಹೇಳುವುದನ್ನು ಕೇಳಿದ್ದೇನೆ. ಹೋಗುವುದಿಲ್ಲ. ಆ್ಯಪ್‌ಗಳ ಮಾತು ಬೇರೆ. ಫೋನ್ ಜೊತೆಗೇ ಬಂದ ಯೂಟ್ಯೂಬ್, ಕ್ರೋಮ್‌ನಂಥವು ಹಳೆಯ ಆವೃತ್ತಿಗೆ ಮರಳುತ್ತವೆ. ಅವುಗಳ ಅಪ್‌ಡೇಟ್ ಕೂತಿದ್ದದ್ದು ಯೂಸರ್‌ಡೇಟಾದಲ್ಲೇ ತಾನೇ? ಪ್ರತಿ ಫೋನಿಗೂ ಗುರುತಾಗಿ ಬೇರೆ ಬೇರೆ ಇರುವ, ಐಎಂಇಐ ಎಂಬ 15 ಅಂಕಿಯ ಸಂಖ್ಯೆಯೂ ಬದಲಾಗುವುದಿಲ್ಲ. ಕದ್ದ ಫೋನನ್ನು ಎಷ್ಟು ಸಲ ರೀಸೆಟ್ ಮಾಡಿದರೂ ಅದೇ ಸಂಖ್ಯೆ. ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ದೂರು ಕೊಟ್ಟು ಕಳೆದ ಫೋನನ್ನು ಬ್ಲಾಕ್ ಮಾಡಿಸಲು ಆಗುವುದು ಇದರಿಂದಲೇ.

ನಿಜವಾಗಿ ‘ಸಾಫ್ಟ್‌ವೇರ್ ಹೊಡೆಯೋದು’ ಅಂದರೆ ಬೇರೆಯೇ ಕೆಲಸ. ಕಂಪ್ಯೂಟರ್‌ಗೆ ಕೇಬಲ್ ಹಾಕಿ ವ್ಯವಸ್ಥೆಯ ಭಾಗವನ್ನೇ ಹೊಸದಾಗಿ ಬರೆಯುವುದು. ಫ್ಲ್ಯಾಶ್ ಮಾಡುವುದು ಅನ್ನುತ್ತಾರೆ. ಮನೆಯ ಹೋಲಿಕೆಯಲ್ಲೇ ಹೇಳುವುದಾದರೆ ಇದು ಗೋಡೆ ಕೆಡವಿ ಮತ್ತೆ ಕಟ್ಟಿದ ಹಾಗೆ. ಅಂಗಡಿಯಲ್ಲಿ ಯಾವುದು ಮಾಡುತ್ತಾರೆ ಎಂದು ಕೇಳಿ ತಿಳಿದುಕೊಳ್ಳಿ. ದುಡ್ಡಿನಲ್ಲೂ ವ್ಯತ್ಯಾಸ ಇರುತ್ತದೆ. ಬರೀ ಆಫ್ ಮಾಡಿ ಆನ್ ಮಾಡುವುದು ರೀಸ್ಟಾರ್ಟ್. ಅದರಲ್ಲಿ ಏನೂ ಅಳಿಸುವುದಿಲ್ಲ. ಫೋನ್ ಪೂರ್ತಿ ಹ್ಯಾಂಗ್ ಆಗಿದ್ದರೆ ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿಯಿರಿ, ಬಹಳಷ್ಟು ಫೋನ್‌ಗಳು ತಾವಾಗಿ ರೀಸ್ಟಾರ್ಟ್ ಆಗುತ್ತವೆ. ಕೆಲವಕ್ಕೆ ಜೊತೆಗೆ ವಾಲ್ಯೂಮ್ ಬಟನ್ನನ್ನೂ ಒತ್ತಬೇಕು.

ಚಿಕ್ಕಮ್ಮನ ಫೋನಿಗೆ ನಾವು ಮಾಡಿದ್ದು ಇಷ್ಟೇ. ಪವರ್ ಬಟನ್ ಒತ್ತಿದಾಗ ಬರುವ ‘ಪವರ್ ಆಫ್’ ಎಂಬುದರ ಮೇಲೆ ಬೆರಳಿಟ್ಟು ಹಾಗೇ ಹಿಡಿದುಕೊಂಡೆವು. ಸೇಫ್ ಮೋಡ್‌ಗೆ ಹೋಗಬೇಕಾ ಎಂದು ಕೇಳಿತು. ಸರಿ ಎಂದೆವು. ಫೋನ್ ಮತ್ತೆ ಆನ್ ಆದಾಗ ಕೆಳಗಿನ ಮೂಲೆಯಲ್ಲಿ ಸೇಫ್ ಮೋಡ್ ಎಂದು ಸಣ್ಣಕ್ಷರದಲ್ಲಿ ಬಂದಿತ್ತು. ಈ ಸ್ಥಿತಿಯಲ್ಲಿ ಫೋನ್ ಜೊತೆಗೆ ಬಂದ ಆ್ಯಪ್‌ಗಳು ಮಾತ್ರ ಕೆಲಸ ಮಾಡುತ್ತವೆ. ನಾವು ಹಾಕಿಕೊಂಡವೆಲ್ಲ ಸುಮ್ಮನಿರುತ್ತವೆ. ಚಿಕ್ಕಮ್ಮ ಫೋನನ್ನು ಅಡುಗೆಮನೆ ಕಟ್ಟೆಯ ಮೇಲೆ, ಒಗ್ಗರಣೆ ಡಬ್ಬಿಗೆ ಒರಗಿಸಿ ಇಟ್ಟರು. ಸಾರು ಕುದಿಯುವವರೆಗೆ ಇಬ್ಬರೂ ಕಾದೆವು. ಒಂದು ಜಾಹೀರಾತೂ ಬರಲಿಲ್ಲ. ಅಲ್ಲಿಗೆ ಗೊತ್ತಾಯಿತು, ಕಳ್ಳ ಇರುವುದು ನಾವೇ ಒಳಗೆ ಬಿಟ್ಟುಕೊಂಡ ಆ್ಯಪ್‌ಗಳಲ್ಲಿ. ಆ್ಯಪ್‌ಗಳ ಪಟ್ಟಿ ತೆಗೆದು ನೋಡಿದರೆ ಟಾರ್ಚ್ ಆ್ಯಪ್ ಒಂದಿತ್ತು. ಟಾರ್ಚ್ ಫೋನಿನಲ್ಲೇ ಇರುವಾಗ ಇನ್ನೊಂದು ಯಾಕೆ? ಅದಕ್ಕೆ ಬೇರೆ ಆ್ಯಪ್‌ಗಳ ಮೇಲೆ ಕಾಣಿಸಿಕೊಳ್ಳುವ ಅನುಮತಿಯನ್ನೂ ಕೊಟ್ಟಾಗಿತ್ತು. ಅದನ್ನು ತೆಗೆದು ಹಾಕಿ ಫೋನ್ ರೀಸ್ಟಾರ್ಟ್ ಮಾಡಿದೆವು. ಮುಗೀತು. ಒಂದು ಫೋಟೊ ಕೂಡ ಹೋಗಲಿಲ್ಲ. ಇದಕ್ಕೆ ರೀಸೆಟ್ ಮಾಡಿದ್ದರೆ ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೇ ಆಗುತ್ತಿತ್ತು.

ಇನ್ನೊಂದು ನೆನಪಾಗುತ್ತದೆ. 2021ರ ಮಾರ್ಚ್‌ನಲ್ಲಿ ಜಗತ್ತಿನಾದ್ಯಂತ ಆಂಡ್ರಾಯ್ಡ್ ಫೋನ್‌ಗಳಲ್ಲಿ ಜಿಮೇಲ್‌ನಂಥ ಆ್ಯಪ್‌ಗಳು ತೆರೆದ ಕೂಡಲೇ ಮುಚ್ಚಿಕೊಳ್ಳತೊಡಗಿದವು. ಕಾರಣ ವೆಬ್‌ವ್ಯೂ ಎಂಬ ಒಂದು ಅಂಗ. ಆ್ಯಪ್‌ನೊಳಗೇ ವೆಬ್ ಪುಟ ತೋರಿಸುವುದು ಅದರ ಕೆಲಸ. ಪ್ಲೇ ಸ್ಟೋರ್‌ಗೆ ಹೋಗಿ ಅದನ್ನೂ ಕ್ರೋಮನ್ನೂ ಅಪ್‌ಡೇಟ್ ಮಾಡಿದರೆ ಸಾಕಾಗಿತ್ತು. ಫೋನ್ ಕೆಟ್ಟಾಗ ‘ಇದು ನನ್ನ ಫೋನಿಗೆ ಮಾತ್ರವಾ, ಎಲ್ಲರಿಗೂ ಹೀಗಾ’ ಎಂದು ನಾಲ್ಕು ಜನರನ್ನು ಕೇಳುವುದು ಎಷ್ಟು ಮುಖ್ಯ ಎಂದು ಆವತ್ತು ಅರ್ಥವಾಯಿತು.

ಜಾಗ ತುಂಬಿದ್ದರೂ ಫೋನ್ ಸ್ಲೋ ಆಗುತ್ತದೆ. ಬೆಳಗಿನ ಶುಭೋದಯದ ಚಿತ್ರಗಳು, ಫಾರ್ವರ್ಡ್ ವಿಡಿಯೊಗಳು ವಾಟ್ಸಾಪ್‌ನಲ್ಲಿ ಎಷ್ಟು ಸೇರಿಕೊಂಡಿವೆ ನೋಡಿ, ಅಳಿಸಿ. ವೈಫೈ ಅಥವಾ ಬ್ಲೂಟೂತ್ ಮಾತ್ರ ಕೈಕೊಡುತ್ತಿದ್ದರೆ ನೆಟ್‌ವರ್ಕ್ ಸೆಟ್ಟಿಂಗ್ ರೀಸೆಟ್ ಅಂತ ಬೇರೆಯೇ ಇದೆ. ಹೆಸರಲ್ಲಿ ರೀಸೆಟ್ ಇದ್ದರೂ ಅದು ಅಳಿಸುವುದು ವೈಫೈ ಪಾಸ್‌ವರ್ಡ್, ಜೋಡಿಸಿದ ಬ್ಲೂಟೂತ್ ಸಾಧನಗಳಂಥವನ್ನು ಮಾತ್ರ. ಫೋಟೊಗಳಿಗೆ ಏನೂ ಆಗುವುದಿಲ್ಲ. ಬ್ಯಾಟರಿ ಬೇಗ ಇಳಿಯುತ್ತಿದೆ, ಹಿಂಬದಿಯ ಮುಚ್ಚಳ ಉಬ್ಬಿದೆ ಅಂದರೆ ರೀಸೆಟ್ ಯೋಚನೆಯನ್ನೇ ಬಿಡಿ. ಉಬ್ಬಿದ ಬ್ಯಾಟರಿ ಅಪಾಯ. ಚಾರ್ಜ್‌ಗೆ ಹಾಕದೆ, ಒತ್ತದೆ, ಅವತ್ತೇ ಸರ್ವಿಸ್ ಸೆಂಟರ್‌ಗೆ ಕೊಡಿ.

ಆದರೂ ರೀಸೆಟ್ ಮಾಡಲೇಬೇಕಾದ ಸಂದರ್ಭಗಳಿವೆ. ಸೇಫ್ ಮೋಡ್‌ನಲ್ಲೂ ತೊಂದರೆ ಹೋಗದಿದ್ದಾಗ. ಫೋನ್ ಮಾರುವಾಗ. ಲೋಗೋ ಬಂದು ಅಲ್ಲೇ ನಿಂತುಬಿಟ್ಟು, ಮತ್ತೆ ಮತ್ತೆ ಆನ್ ಆಗುತ್ತಾ ಇದ್ದಾಗ. ಲೋಗೋದಲ್ಲಿ ನಿಂತ ಫೋನಿನ ಸೆಟ್ಟಿಂಗ್ಸ್‌ಗೆ ಹೋಗಲು ದಾರಿಯೇ ಇರುವುದಿಲ್ಲ. ಆಗ ಪವರ್ ಮತ್ತು ವಾಲ್ಯೂಮ್ ಬಟನ್ ಒಟ್ಟಿಗೆ ಹಿಡಿದು ರಿಕವರಿ ಮೋಡ್‌ಗೆ ಹೋಗಬೇಕು. ಯಾವ ವಾಲ್ಯೂಮ್ ಬಟನ್ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಕಪ್ಪು ತೆರೆ, ಸಣ್ಣ ಅಕ್ಷರ, ಟಚ್ ಬಹಳ ಸಲ ಕೆಲಸ ಮಾಡುವುದಿಲ್ಲ. ವಾಲ್ಯೂಮ್ ಬಟನ್‌ನಿಂದ ಮೇಲೆ ಕೆಳಗೆ, ಪವರ್ ಬಟನ್‌ನಿಂದ ಆಯ್ಕೆ. ಅಂಗಡಿಯವರು ಹಾರ್ಡ್ ರೀಸೆಟ್ ಅನ್ನುವುದು ಸಾಮಾನ್ಯವಾಗಿ ಇದಕ್ಕೆ. ಅಲ್ಲಿ ಕ್ಯಾಶ್ (cache), ಅಂದರೆ ಫೋನ್ ತಾತ್ಕಾಲಿಕವಾಗಿ ಇಟ್ಟುಕೊಂಡ ಕಡತಗಳನ್ನು ಮಾತ್ರ ಅಳಿಸುವ ಸಾಲು ಇದ್ದರೆ ಮೊದಲು ಅದನ್ನು ಮಾಡಿ ನೋಡಿ. ಅದರಿಂದ ನಿಮ್ಮ ಡೇಟಾ ಹೋಗುವುದಿಲ್ಲ. ಎರಡೂ ಸಾಲು ಅಕ್ಕಪಕ್ಕದಲ್ಲೇ ಇರಬಹುದು, ಓದಿ ಒತ್ತಿ.

ಈಗ ಆ ‘ಎಲ್ಲಾ’ ಎಂಬ ಮಾತಿಗೆ ಬರೋಣ. ನನಗೆ ಈ ಬರಹ ಬರೆಯಬೇಕು ಅನ್ನಿಸಿದ್ದೇ ಅದರಿಂದ. ನಮ್ಮ ದೊಡ್ಡಪ್ಪನ ಫೋನಿನಲ್ಲಿ ದೊಡ್ಡಮ್ಮನ ವಾಯ್ಸ್ ಮೆಸೇಜುಗಳಿದ್ದವು. “ಬರ್ತಾ ಕೊತ್ತಂಬರಿ ತನ್ನಿ, ಮರೀಬೇಡಿ” ಅನ್ನುವಂಥವು. ದೊಡ್ಡಮ್ಮ ತೀರಿಕೊಂಡ ಮರುವರ್ಷ ಫೋನ್ ಹ್ಯಾಂಗ್ ಆಗುತ್ತದೆಂದು ಒಂದು ಅಂಗಡಿಗೆ ಕೊಟ್ಟರು. ಸಂಜೆ ಫೋನ್ ಹೊಸದರ ಹಾಗೆ ಓಡುತ್ತಿತ್ತು. ಆ ದನಿ ಇರಲಿಲ್ಲ. ಬ್ಯಾಕಪ್, ಅಂದರೆ ಬೇರೆ ಕಡೆ ಉಳಿಸಿಟ್ಟ ಇನ್ನೊಂದು ಪ್ರತಿ, ಇದೆಯಾ ಎಂದು ಅವರನ್ನು ಯಾರೂ ಕೇಳಿರಲಿಲ್ಲ. ಬ್ಯಾಕಪ್ ಅಂದರೇನು ಎಂದು ಅವರಿಗೂ ಗೊತ್ತಿರಲಿಲ್ಲ.

ಅದನ್ನು ವಾಪಸ್ ತರಲು ಆಗಲಿಲ್ಲ. ಏಕೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಳೆಯ ಆಂಡ್ರಾಯ್ಡ್ ಫೋನ್‌ಗಳಲ್ಲಿ ರೀಸೆಟ್ ಆದ ಮೇಲೂ ಡೇಟಾ ಹೊರತೆಗೆಯಬಹುದಿತ್ತು. ಕೇಂಬ್ರಿಜ್ ವಿಶ್ವವಿದ್ಯಾಲಯದ ಲಾರೆಂಟ್ ಸೈಮನ್ ಮತ್ತು ರಾಸ್ ಆಂಡರ್ಸನ್ ಇಂಥ 21 ಬಳಸಿದ ಫೋನ್‌ಗಳನ್ನು ಪರೀಕ್ಷಿಸಿ, ರೀಸೆಟ್ ಸರಿಯಾಗಿ ಅಳಿಸುತ್ತಿಲ್ಲ ಎಂದು 2015ರಲ್ಲಿ ತೋರಿಸಿದರು. ಅವೆಲ್ಲ ಆಂಡ್ರಾಯ್ಡ್ 2.3ರಿಂದ 4.3ರವರೆಗಿನವು. ಈಗಿನ ಫೋನ್‌ಗಳಲ್ಲಿ ಯೂಸರ್‌ಡೇಟಾ ಪೂರ್ತಿ ಗೂಢಲಿಪಿಯಲ್ಲಿ ಇರುತ್ತದೆ. ಆಂಡ್ರಾಯ್ಡ್ 10 ಜೊತೆಗೆ ಬಂದ ಫೋನ್‌ಗಳಿಂದ ಮುಂದಕ್ಕೆ ಇದು ಕಡ್ಡಾಯ. ಆ ಗೂಢಲಿಪಿಯನ್ನು ಬಿಡಿಸುವ ಕೀಲಿ ಫೋನಿನೊಳಗೇ ಇರುತ್ತದೆ. ರೀಸೆಟ್ ಮಾಡಿದಾಗ ಆ ಕೀಲಿಯೇ ನಾಶವಾಗುತ್ತದೆ. ಬೀರುವಿಗೆ ಬೀಗ ಹಾಕಿ, ಇರುವ ಒಂದೇ ಬೀಗದ ಕೈಯನ್ನು ಕರಗಿಸಿಬಿಟ್ಟ ಹಾಗೆ. ಅದಕ್ಕೇ ‘ರೀಸೆಟ್ ಆದ ಫೋಟೊ ವಾಪಸ್ ತಂದುಕೊಡ್ತೀವಿ’ ಅನ್ನುವ ಆ್ಯಪ್‌ಗಳಿಗೆ ದುಡ್ಡು ಕೊಡಬೇಡಿ. ಫೋನ್ ಮಾರುವವರಿಗೆ ಮಾತ್ರ ಇದು ನೆಮ್ಮದಿಯ ಸುದ್ದಿ.

ಹಾಗಾಗಿ ಒತ್ತುವ ಮೊದಲು ಒಂದು ಗಂಟೆ ಕೂತು ನೋಡಿಕೊಳ್ಳಿ. ಕಾಂಟ್ಯಾಕ್ಟ್‌ಗಳು ಗೂಗಲ್ ಖಾತೆಯಲ್ಲಿ ಇವೆಯಾ, ಬರೀ ಫೋನಿನಲ್ಲಿ ಇವೆಯಾ? ಬರೀ ಫೋನಿನಲ್ಲಿದ್ದು ಬ್ಯಾಕಪ್ ಆಗಿರದಿದ್ದರೆ ಹೋಗುತ್ತವೆ. ವಾಟ್ಸಾಪ್‌ಗೆ ಅದರದೇ ಬ್ಯಾಕಪ್ ಇದೆ. ಅದರ ಸೆಟ್ಟಿಂಗ್ಸ್‌ನೊಳಗೆ ಚಾಟ್ಸ್‌ಗೆ ಹೋಗಿ, ಕೊನೆಯ ಬ್ಯಾಕಪ್ ಯಾವ ದಿನಾಂಕದ್ದು ಎಂದು ಕಣ್ಣಾರೆ ನೋಡಿ. ವಿಡಿಯೊ ಸೇರಿಸಬೇಕೋ ಬೇಡವೋ ಎಂಬುದು ಅಲ್ಲಿ ಪ್ರತ್ಯೇಕ ಆಯ್ಕೆ. ಮನಸ್ಸಿಗೆ ತೀರಾ ಹತ್ತಿರದ ದನಿ, ಫೋಟೊಗಳಿದ್ದರೆ ಅವನ್ನು ಬ್ಯಾಕಪ್‌ಗೆ ಬಿಡದೆ ಕಂಪ್ಯೂಟರಿಗೋ ಪೆನ್‌ಡ್ರೈವಿಗೋ ಬೇರೆಯಾಗಿ ಹಾಕಿಡಿ. ಫೋನ್‌ಪೇ, ಗೂಗಲ್ ಪೇ ಹಣ ಹೋಗುತ್ತದಾ ಎಂದು ತುಂಬಾ ಜನ ಕೇಳುತ್ತಾರೆ. ಹಣ ಇರುವುದು ಬ್ಯಾಂಕಿನಲ್ಲಿ, ಏನೂ ಆಗುವುದಿಲ್ಲ. ಅದೇ ಸಿಮ್‌ನಿಂದ ಮತ್ತೆ ನೋಂದಣಿ ಮಾಡಿಕೊಂಡರೆ ಆಯಿತು. ಪಿನ್ ಒತ್ತದೆ ಸಣ್ಣ ಪಾವತಿ ಮಾಡಲು ಮೊದಲೇ ದುಡ್ಡು ತುಂಬಿಸಿಡುವ ಯುಪಿಐ ಲೈಟ್‌ನಲ್ಲಿ ದುಡ್ಡು ಹಾಕಿಟ್ಟಿದ್ದರೆ ಮಾತ್ರ ಮೊದಲೇ ಖಾತೆಗೆ ವಾಪಸ್ ತಂದುಕೊಳ್ಳಿ. ಇ-ಸಿಮ್ (ಕಾರ್ಡ್ ಇಲ್ಲದೆ ಫೋನಿನೊಳಗೇ ಇರುವ ಸಿಮ್) ಇದ್ದವರು, ಅದನ್ನೂ ಅಳಿಸಲೇ ಎಂದು ಕೇಳುವ ಸಾಲಿಗೆ ಗುರುತು ಹಾಕಬೇಡಿ. ಮೆಮೊರಿ ಕಾರ್ಡ್ ಮತ್ತು ಸಿಮ್ ಹೊರಗೆ ತೆಗೆದಿಟ್ಟರೆ ಇನ್ನೂ ಒಳ್ಳೆಯದು. ಚಾರ್ಜ್ ಅರ್ಧಕ್ಕಿಂತ ಜಾಸ್ತಿ ಇರಲಿ.

ಎಲ್ಲಕ್ಕಿಂತ ಮುಖ್ಯ, ನಿಮ್ಮ ಗೂಗಲ್ ಖಾತೆಯ ಐಡಿ ಮತ್ತು ಪಾಸ್‌ವರ್ಡ್. 2015ರಲ್ಲಿ ಬಂದ ಆಂಡ್ರಾಯ್ಡ್ 5.1ರಿಂದ ಎಫ್‌ಆರ್‌ಪಿ (ಫ್ಯಾಕ್ಟರಿ ರೀಸೆಟ್ ಪ್ರೊಟೆಕ್ಷನ್) ಎಂಬ ಕಾವಲು ಇದೆ. ಬಟನ್ ಹಿಡಿದು ರಿಕವರಿಯಿಂದ ರೀಸೆಟ್ ಮಾಡಿದರೆ, ಫೋನ್ ಆನ್ ಆದ ಮೇಲೆ ಮೊದಲಿದ್ದ ಖಾತೆಯನ್ನೋ ಹಳೆಯ ಲಾಕನ್ನೋ ಕೇಳುತ್ತದೆ. ಕೊಡದಿದ್ದರೆ ಮುಂದೆ ಬಿಡುವುದಿಲ್ಲ. ಕದ್ದವರಿಗೆ ಉಪಯೋಗವಾಗಬಾರದೆಂದು ಮಾಡಿದ ಏರ್ಪಾಡು. ಆದರೆ ಖಾತೆಯನ್ನು ಯಾರೋ ಅಂಗಡಿಯವರೇ ಮಾಡಿಕೊಟ್ಟು, ಪಾಸ್‌ವರ್ಡ್ ಏನೆಂದೇ ಗೊತ್ತಿಲ್ಲದ ಹಿರಿಯರು ಇದರಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಮನೆಯಲ್ಲಿ ಅಂಥವರಿದ್ದರೆ ಇವತ್ತೇ ಕೂತು ಪಾಸ್‌ವರ್ಡ್ ಸರಿಮಾಡಿ ಡೈರಿಯಲ್ಲಿ ಬರೆದಿಡಿ. ಫೋನ್ ಮಾರುವವರು ಮೊದಲು ಖಾತೆ ತೆಗೆದು, ಆಮೇಲೆ ಸೆಟ್ಟಿಂಗ್ಸ್‌ನಿಂದಲೇ ರೀಸೆಟ್ ಮಾಡಿ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ನಿಮ್ಮೂರಲ್ಲಾಗಲಿ, ಫೋನ್ ಆನ್ ಮಾಡಿ ಹೋಮ್ ಸ್ಕ್ರೀನ್‌ವರೆಗೆ ಹೋಗಿ ನೋಡಿಯೇ ದುಡ್ಡು ಕೊಡಿ.

ನಕ್ಷತ್ರ, ಹ್ಯಾಷ್ ಸೇರಿಸಿ ಡಯಲ್ ಮಾಡುವ ‘ಸೀಕ್ರೆಟ್ ಕೋಡ್’ಗಳ ಸಹವಾಸವೂ ಬೇಡ. 2012ರಲ್ಲಿ ರವಿ ಬೋರ್ಗಾಂವ್ಕರ್ ಎಂಬ ಸಂಶೋಧಕರು, ಒಂದು ವೆಬ್ ಪುಟ ತೆರೆದ ಮಾತ್ರಕ್ಕೆ ಕೆಲವು ಸ್ಯಾಮ್‌ಸಂಗ್ ಫೋನ್‌ಗಳು ಇಂಥ ಕೋಡ್‌ನಿಂದ ಖಾಲಿಯಾಗುವುದನ್ನು ವೇದಿಕೆಯ ಮೇಲೆ ತೋರಿಸಿದ್ದರು. ಆ ದೋಷವನ್ನು ಸರಿಪಡಿಸಲಾಗಿದೆ. ಆದರೂ ಯಾರೋ ಕಳಿಸಿದ ಕೋಡನ್ನು ಸುಮ್ನೆ ಒತ್ತಿ ನೋಡುವುದು ಬೇಡ.

ರೀಸೆಟ್ ಆದ ಮೇಲೆ ಮೊದಲ ಸಲ ಆನ್ ಆಗಲು ಹೆಚ್ಚು ಹೊತ್ತು ಹಿಡಿಯುತ್ತದೆ. ಗಾಬರಿಯಾಗಿ ನಡುವೆ ಆಫ್ ಮಾಡಬೇಡಿ. ಭಾಷೆ ಕೇಳುತ್ತದೆ, ಖಾತೆ ಕೇಳುತ್ತದೆ, ಹಳೆಯ ಆ್ಯಪ್‌ಗಳನ್ನೆಲ್ಲ ತಂದುಕೊಡಲೇ ಎಂದು ಕೇಳುತ್ತದೆ. ತೊಂದರೆಗಾಗಿ ರೀಸೆಟ್ ಮಾಡಿದ್ದರೆ ಇಲ್ಲಿ ಸ್ವಲ್ಪ ತಡೆಯಿರಿ. ಎಲ್ಲವನ್ನೂ ಒಟ್ಟಿಗೆ ತಂದರೆ ತೊಂದರೆ ಕೊಟ್ಟ ಆ್ಯಪ್ ಕೂಡ ಅವುಗಳ ಜೊತೆಗೇ ಮನೆ ಸೇರುತ್ತದೆ. ಒಂದು ದಿನ ಫೋನನ್ನು ಖಾಲಿಯಾಗಿಯೇ ಬಳಸಿ. ಆಮೇಲೆ ದಿನಕ್ಕೆ ಎರಡೋ ಮೂರೋ ಆ್ಯಪ್ ಹಾಕುತ್ತಾ ಬನ್ನಿ. ವಾಟ್ಸಾಪ್ ಹಾಕುವಾಗ ಅದು ಬ್ಯಾಕಪ್ ಮರಳಿ ತರಲೇ ಎಂದು ಕೇಳಿದಾಗಲೇ ಹೂಂ ಅನ್ನಿ. ಅಲ್ಲಿ ಬೇಡ ಎಂದು ಮುಂದೆ ಹೋದರೆ ಆಮೇಲೆ ತೆಗೆದು ಮತ್ತೆ ಹಾಕಬೇಕಾಗುತ್ತದೆ. ಆ ಖಾಲಿ ಫೋನೇ ಮೊದಲ ದಿನ ಹ್ಯಾಂಗ್ ಆದರೆ, ತಾನಾಗಿ ಆಫ್ ಆದರೆ, ಮತ್ತೆ ರೀಸೆಟ್ ಮಾಡಬೇಡಿ. ಹೆಚ್ಚಾಗಿ ಅದು ಬ್ಯಾಟರಿ, ಮೆಮೊರಿ ಅಥವಾ ಬೋರ್ಡಿನ ತೊಂದರೆ. ಬಿಲ್ಲು ಹುಡುಕಿಕೊಂಡು ಸರ್ವಿಸ್ ಸೆಂಟರ್‌ಗೆ ಹೋಗಿ, ‘ರೀಸೆಟ್ ಮಾಡಿ, ಒಂದೂ ಆ್ಯಪ್ ಹಾಕದೆ ನೋಡಿದ್ದೇನೆ’ ಎಂದು ಮೊದಲೇ ಹೇಳಿ.